ಕಾಗದವಿಲ್ಲದ ವಜಾ: ಎಚ್.ಐ.ವಿ. ಕಾಯಿದೆಯ ಒಂದು ವಿಮರ್ಶೆ

ಎಚ್.ಐ.ವಿ. ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯಿದೆಯು 2017ರ ಏಪ್ರಿಲ್ 20ರಂದು ರಾಷ್ಟ್ರಪತಿಗಳ ಅಂಕಿತ ಪಡೆದು, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದಿತು. ಮೈಯಲ್ಲಿ ಈ ರೋಗಾಣುವಿದೆ ಎಂಬ ಕಾರಣಕ್ಕಾಗಿ ಒಬ್ಬ ಮನುಷ್ಯನನ್ನು ಕೆಲಸದಿಂದ ತೆಗೆಯುವುದನ್ನೂ, ಅವನಿಗೆ ಕೆಲಸ ನಿರಾಕರಿಸುವುದನ್ನೂ ಸರ್ಕಾರಿ ಕಛೇರಿಗಳಲ್ಲಿ ಮಾತ್ರವಲ್ಲದೆ ಖಾಸಗಿ ಮಾಲೀಕರಲ್ಲಿಯೂ ಸ್ಪಷ್ಟವಾಗಿ ನಿಷೇಧಿಸಿದ ಶಾಸನವಿದು. ಇದರ ಸ್ತುತಿ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಚಿಕಿತ್ಸೆಯ ಹೊಣೆಯನ್ನು ಸರ್ಕಾರ ಪೂರ್ತಿಯಾಗಿ ಹೊರಲಿಲ್ಲ, 'ಸಾಧ್ಯವಾದ ಮಟ್ಟಿಗೆ' ಎಂಬ ಮಾತನ್ನು ಸೇರಿಸಿ ಜಾರಿಕೊಂಡಿತು ಎಂಬ ಆಕ್ಷೇಪಣೆಯೂ ಬಂದಿದೆ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಂತಹ ತಾಲ್ಲೂಕು ಪಟ್ಟಣಗಳ ಜವಳಿ ಅಂಗಡಿಯಲ್ಲಿ, ಅಕ್ಕಿ ಗಿರಣಿಯಲ್ಲಿ, ಆಲೆಮನೆಯಲ್ಲಿ, ಕಲ್ಯಾಣಮಂಟಪದ ಅಡುಗೆಮನೆಯಲ್ಲಿ ದುಡಿಯುವ ಒಬ್ಬ ಆಳಿಗೆ ಈ ಕಾಯಿದೆ ಏನು ಮಾಡಬಲ್ಲದು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅದನ್ನು ಓದಿದವರು ವಿರಳ. ಪ್ರಸ್ತುತ ಲೇಖನದ ಉದ್ದೇಶ ಅಷ್ಟೇ. ಇದರ ಲೇಖಕ ಕಾನೂನು ವ್ಯಾಸಂಗ ಮಾಡಿದವನಲ್ಲ. ವಾಣಿಜ್ಯ ಪದವಿ ಪಡೆದು ಆಯುಷ್ಯದ ಬಹುಭಾಗವನ್ನು ಅಂಗಡಿಯ ಗದ್ದಿಗೆಯ ಮೇಲೆ ಕಳೆದವನು. ಆದುದರಿಂದ ಒಬ್ಬ ವ್ಯಾಪಾರಿ ಲೆಕ್ಕದ ಪುಸ್ತಕವನ್ನು ಓದುವ ಕ್ರಮದಲ್ಲಿಯೇ ಈ ಕಾಯಿದೆಯನ್ನು ಓದಲಾಗಿದೆ.

ಕಾಯಿದೆಯ ಜೀವಾಳವಿರುವುದು ಮೂರನೆಯ ಪ್ರಕರಣದಲ್ಲಿ. ಎಚ್.ಐ.ವಿ. ಇರುವವರನ್ನಷ್ಟೇ ಅಲ್ಲ, ಅವರೊಡನೆ ಒಂದೇ ಮನೆಯಲ್ಲಿ ವಾಸಿಸುವವರನ್ನೂ ಹಿಂದೆ ವಾಸಿಸಿದ್ದವರನ್ನೂ 'ಸಂರಕ್ಷಿತ ವ್ಯಕ್ತಿ' ಎಂಬ ಒಂದೇ ಹೆಸರಿನಡಿ ತಂದು, ಅವರಿಗೆ ಉದ್ಯೋಗ ನಿರಾಕರಿಸುವುದನ್ನು ಈ ಪ್ರಕರಣ ತಡೆಯುತ್ತದೆ. ನೌಕರಿಗೆ ಸೇರಿಸಿಕೊಳ್ಳುವ ಮೊದಲು ಎಚ್.ಐ.ವಿ. ಪರೀಕ್ಷೆಯನ್ನು ಷರತ್ತಾಗಿ ಒಡ್ಡುವುದೂ ಇಲ್ಲಿಯೇ ನಿಷಿದ್ಧವಾಗಿದೆ. ಕೆಲಸದಿಂದ ತೆಗೆಯುವ ವಿಷಯದಲ್ಲಿ ಮಾತ್ರ ವಿನಾಯಿತಿಯಿದೆ, ಆದರೆ ಅದು ಅಗ್ಗದ ವಿನಾಯಿತಿಯಲ್ಲ. ಈ ವ್ಯಕ್ತಿಯಿಂದ ಕೆಲಸದ ಸ್ಥಳದಲ್ಲಿ ಇತರರಿಗೆ ಸೋಂಕು ತಗಲುವ ಗಣನೀಯ ಅಪಾಯವಿದೆಯೆಂದೋ, ಈತ ಆ ಕೆಲಸಕ್ಕೆ ಅಶಕ್ತನೆಂದೋ ಅರ್ಹನೂ ಸ್ವತಂತ್ರನೂ ಆದ ವೈದ್ಯನೊಬ್ಬ ಬರವಣಿಗೆಯಲ್ಲಿ ಹೇಳಬೇಕು. ಅವನಿಗಾಗಿ ಕೆಲಸದಲ್ಲಿ ಸಣ್ಣಪುಟ್ಟ ಹೊಂದಾಣಿಕೆ ಮಾಡಿಕೊಡುವುದು ಏಕೆ ತನಗೆ ಅಸಾಧ್ಯವಾದ ಹೊರೆಯೆಂಬುದನ್ನು ಮಾಲೀಕನೂ ಬರವಣಿಗೆಯಲ್ಲಿಯೇ ಹೇಳಬೇಕು. ಈ ಬರವಣಿಗೆಗಳನ್ನು ಕೊಡದೆ ಹೋದರೆ ಅಪಾಯವೂ ಇರಲಿಲ್ಲ, ಹೊರೆಯೂ ಇರಲಿಲ್ಲ ಎಂದೇ ಭಾವಿಸತಕ್ಕದ್ದು.

ಲೆಕ್ಕ ಬಲ್ಲವರಿಗೆ ಈ ನ್ಯಾಯ ಹೊಸದಲ್ಲ. ವೋಚರ್ ಇಲ್ಲದ ಖರ್ಚನ್ನು ಲೆಕ್ಕಪರಿಶೋಧಕ ಒಪ್ಪುವುದಿಲ್ಲ. ಖರ್ಚು ನಿಜವಾಗಿ ಆಗಿರಬಹುದು, ಆದರೆ ತೋರಿಸುವ ಹೊಣೆ ಖರ್ಚು ಬರೆದವನದು. ಕಾಯಿದೆ ಬರೆದವರು ಅದೇ ಹೊಣೆಯನ್ನು ಮಾಲೀಕನ ತಲೆಯ ಮೇಲಿಟ್ಟಿದ್ದಾರೆ. ಆಳು ತನ್ನ ನಿರಪಾಯತೆಯನ್ನು ಸಾಧಿಸಬೇಕಾಗಿಲ್ಲ. ಮಾಲೀಕ ಅಪಾಯವನ್ನು ಸಾಧಿಸಬೇಕು. ಈ ಕರಡನ್ನು ಸಿದ್ಧಪಡಿಸಿದವರ ಬುದ್ಧಿಯನ್ನು ಮೆಚ್ಚಬೇಕಾದ ಸ್ಥಳವಿದು. ನನ್ನ ಆಕ್ಷೇಪಣೆ ಆರಂಭವಾಗುವುದೂ ಇಲ್ಲಿಯೇ. ಈ ರಕ್ಷಣೆಯೆಲ್ಲ ಕಾಗದದ ಮೇಲೆ ನಿಂತಿದೆ. ನಮ್ಮ ಪಟ್ಟಣಗಳಲ್ಲಿ ಆಳನ್ನು ತೆಗೆಯುವ ಪದ್ಧತಿಯಾದರೋ ಕಾಗದವನ್ನು ಮುಟ್ಟುವುದೇ ಇಲ್ಲ.

ಅಂಗಡಿಯಲ್ಲಿ ಒಬ್ಬ ಆಳನ್ನು ಹೇಗೆ ತೆಗೆಯುತ್ತಾರೆಂಬುದು ವಾಚಕರಲ್ಲಿ ಅನೇಕರಿಗೆ ನನ್ನಷ್ಟೇ ತಿಳಿದಿದೆ. ನೇಮಕಾತಿ ಪತ್ರವಿಲ್ಲದೆ ಬಂದವನನ್ನು ವಜಾಪತ್ರವಿಲ್ಲದೆ ಕಳುಹಿಸಲಾಗುತ್ತದೆ. ಅನೇಕ ವೇಳೆ 'ಬರಬೇಡ' ಎಂಬ ಮಾತೂ ಹೊರಡುವುದಿಲ್ಲ. ಮೊದಲು ಗಲ್ಲೆಯ ಪಕ್ಕದಿಂದ ಗೋದಾಮಿಗೆ ಕಳುಹಿಸುತ್ತಾರೆ. ಕುಡಿಯುವ ನೀರಿನ ಲೋಟವನ್ನು ಬೇರೆಯಿಡುತ್ತಾರೆ. 'ಎರಡು ದಿನ ವಿಶ್ರಾಂತಿ ತೆಗೆದುಕೋ' ಎನ್ನುತ್ತಾರೆ. ಮೂರನೆಯ ದಿನ ಬಂದರೆ 'ಈಗ ಸೀಸನ್ ಇಲ್ಲ, ಹೇಳಿಕಳುಹಿಸುತ್ತೇವೆ' ಎನ್ನುತ್ತಾರೆ. ಬಾಕಿ ಕೂಲಿಯ ಮೇಲೆ ನೂರೋ ಇನ್ನೂರೋ ಹೆಚ್ಚಾಗಿಯೇ ಕೊಟ್ಟು, ಕೊಟ್ಟವರು ದಯಾವಂತರೆಂಬ ತೃಪ್ತಿಯನ್ನೂ ಪಡೆಯುತ್ತಾರೆ. ಹಾಜರಿ ಪುಸ್ತಕದಲ್ಲಿ ಮುಂದಿನ ತಿಂಗಳು ಅವನ ಹೆಸರಿನ ಸಾಲು ಬರುವುದಿಲ್ಲ, ಅಷ್ಟೇ. ಕಾರಣವನ್ನು ಯಾರೂ ಬರೆಯಲಿಲ್ಲ, ಯಾರೂ ನುಡಿಯಲೂ ಇಲ್ಲ. ಹೀಗಿರುವಾಗ ಕಾಯಿದೆ ಕೇಳುವ ಲಿಖಿತ ವರದಿ ಎಲ್ಲಿಂದ ಬರಬೇಕು? ವರದಿ ಇಲ್ಲದಿದ್ದರೆ ಮಾಲೀಕನ ವಿರುದ್ಧ ಭಾವಿಸಬೇಕೆಂಬುದು ನಿಜ. ಆದರೆ ತನ್ನನ್ನು ತೆಗೆದದ್ದು ಈ ಕಾರಣಕ್ಕೇ ಎಂಬುದನ್ನು ಮೊದಲು ಆಳು ತೋರಿಸಬೇಕಲ್ಲವೆ? ತೋರಿಸಲು ಹೊರಟನೆಂದರೆ ತನ್ನ ಕಾಯಿಲೆಯ ಹೆಸರನ್ನು ಊರಿನ ಮುಂದೆ ತಾನೇ ಹೇಳಿದಂತಾಯಿತು.

ಈ ಮಾತನ್ನು ಒಂದು ನಿಜವಾದ ಮೊಕದ್ದಮೆಯ ಬೆಳಕಿನಲ್ಲಿ ನೋಡುವುದು ಉಚಿತ. ಮುಂಬಯಿಯಲ್ಲಿ ಒಂದು ಸಾರ್ವಜನಿಕ ವಲಯದ ಸಂಸ್ಥೆಯಲ್ಲಿ ಸರಕು ಹೊರುವ ದಿನಗೂಲಿಯೊಬ್ಬನಿದ್ದ. ಖಾಯಂ ಮಾಡುವ ಸಂದರ್ಭ ಬಂದಾಗ ವೈದ್ಯಕೀಯ ತಪಾಸಣೆ ನಡೆದು ಅವನಿಗೆ ಎಚ್.ಐ.ವಿ. ಇರುವುದು ಕಂಡುಬಂತು, ಕೆಲಸ ಮಾಡಲು ದೇಹಶಕ್ತಿಯಿದ್ದರೂ ಅವನನ್ನು ಹೊರಗಿಡಲಾಯಿತು. ಅವನು ಮುಂಬಯಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕ. 'ಎಂ.ಎಕ್ಸ್. ವಿರುದ್ಧ ಝಡ್.ವೈ.' ಎಂದು ಪ್ರಸಿದ್ಧವಾದ ಆ ಮೊಕದ್ದಮೆಯಲ್ಲಿ 1997ರ ಏಪ್ರಿಲ್ 3ರಂದು ತೀರ್ಪು ಹೊರಬಂತು. ಕೆಲಸ ಮಾಡಲು ಶಕ್ತನಾಗಿರುವ, ಕೆಲಸದ ಸ್ಥಳದಲ್ಲಿ ಇತರರಿಗೆ ಗಣನೀಯ ಅಪಾಯವನ್ನೊಡ್ಡದ ವ್ಯಕ್ತಿಯನ್ನು ಎಚ್.ಐ.ವಿ. ಇದೆಯೆಂಬುದಕ್ಕಾಗಿ ಮಾತ್ರ ಹೊರಗಿಡುವ ನಿಯಮವು ಸಂವಿಧಾನದ 14 ಮತ್ತು 21ನೆಯ ವಿಧಿಗಳಿಗೆ ವಿರುದ್ಧವೆಂದು ಪೀಠ ಸಾರಿತು. ವಾದಿ ತನ್ನ ಹೆಸರನ್ನು ಮರೆಮಾಡಿ ಅಕ್ಷರಗಳ ಹೆಸರಿನಲ್ಲಿ ನ್ಯಾಯ ಕೇಳಲು ಅನುಮತಿ ಕೊಟ್ಟದ್ದು ಈ ತೀರ್ಪಿನ ಮತ್ತೊಂದು ದೊಡ್ಡ ಉಪಕಾರ. 2017ರ ಕಾಯಿದೆಯೂ ಅದನ್ನು ಸ್ವೀಕರಿಸಿದೆ. ಅದೇ ನ್ಯಾಯಾಲಯ ಕೆಲವೇ ವರ್ಷಗಳ ಹಿಂದೆ, 1989ರಲ್ಲಿ ಗೋವೆಯಲ್ಲಿ 64 ದಿನ ಬಂಧನದಲ್ಲಿಡಲಾಗಿದ್ದ ಡೊಮಿನಿಕ್ ಡಿಸೋಜ ಅವರ ತಾಯಿ ಹೂಡಿದ್ದ ಮೊಕದ್ದಮೆಯಲ್ಲಿ, ಸೋಂಕಿತರನ್ನು ಪ್ರತ್ಯೇಕಿಸಿಡಲು ಅವಕಾಶ ಕೊಡುವ ಗೋವೆಯ ಕಾನೂನನ್ನು ಎತ್ತಿಹಿಡಿದಿತ್ತೆಂಬುದನ್ನು ನೆನೆದರೆ, ಎಂಟೇ ವರ್ಷಗಳಲ್ಲಿ ನ್ಯಾಯಪೀಠ ಎಷ್ಟು ದೂರ ನಡೆಯಿತೆಂಬುದು ತಿಳಿಯುತ್ತದೆ.

ಈ ದಿನಗೂಲಿಯೇ ನಮ್ಮ ಮಂಡಿಯ ಹಮಾಲಿ. ಬೆನ್ನಿನ ಮೇಲೆ ಮೂಟೆ, ದಿನದ ಲೆಕ್ಕದ ಕೂಲಿ, ಖಾಯಂ ಆಗುವ ಆಸೆ, ಎಲ್ಲವೂ ಒಂದೇ. ವ್ಯತ್ಯಾಸವಿರುವುದು ಒಂದೇ ಕಡೆ. ಅವನ ಮಾಲೀಕ ಕಾಗದ ಇಟ್ಟಿದ್ದ. ದಿನಗೂಲಿಗಳ ಪಟ್ಟಿಯಿತ್ತು, ತಪಾಸಣೆಯ ವರದಿಯಿತ್ತು, ನಿಯಮದ ಪ್ರತಿಯಿತ್ತು. ಆ ಕಾಗದಗಳನ್ನು ಹಿಡಿದುಕೊಂಡೇ ವಕೀಲರು ವಾದಿಸಿದ್ದು, ನ್ಯಾಯಾಧೀಶರು ಅಳೆದದ್ದು. ಅವನೇ ಕೃಷ್ಣರಾಜಪೇಟೆಯ ಒಂದು ಗಿರಣಿಯ ಹಮಾಲಿಯಾಗಿದ್ದರೆ 1997ರಲ್ಲಿ ಅವನಿಗೆ ಯಾವ ಬಾಗಿಲೂ ತೆರೆಯುತ್ತಿರಲಿಲ್ಲ. ಏಕೆಂದರೆ ಆ ವಿಧಿಗಳು ಸರ್ಕಾರವನ್ನೂ ಅದರ ಅಂಗಸಂಸ್ಥೆಗಳನ್ನೂ ಕಟ್ಟುತ್ತವೆಯೇ ಹೊರತು ಖಾಸಗಿ ಗಿರಣಿಯ ಮಾಲೀಕನನ್ನಲ್ಲ. ಇಪ್ಪತ್ತು ವರ್ಷಗಳ ಅನಂತರ ಬಾಗಿಲೇನೋ ಬಂತು, ಬೀಗದಕೈ ಕಾಗದದ್ದೇ ಆಗಿ ಉಳಿಯಿತು.

ಕರ್ನಾಟಕದ ನಿದರ್ಶನವೂ ಇದನ್ನೇ ಹೇಳುತ್ತದೆ. ಸಶಸ್ತ್ರ ಪೊಲೀಸ್ ಪೇದೆಯ ಹುದ್ದೆಗೆ ಆಯ್ಕೆ ಬಯಸಿ, ಎಚ್.ಐ.ವಿ. ಕಾರಣದಿಂದ ನಿರಾಕೃತನಾದ ಅಭ್ಯರ್ಥಿಯೊಬ್ಬ 'ಆರ್.ಆರ್.' ಎಂಬ ಅಕ್ಷರಗಳ ಹೆಸರಿನಲ್ಲಿ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ ಹೋದ. 2005ರಲ್ಲಿ ನ್ಯಾಯಮಂಡಳಿ ಅವನ ಪಕ್ಷವನ್ನು ಎತ್ತಿಹಿಡಿಯಿತು. ಪುಣೆಯಲ್ಲಿ ಒಂದು ಔಷಧ ಕಂಪೆನಿ 2015ರಲ್ಲಿ ಬಲವಂತದಿಂದ ರಾಜೀನಾಮೆ ಪಡೆದಿದ್ದ ಮಹಿಳೆಯನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಅಲ್ಲಿನ ಕಾರ್ಮಿಕ ನ್ಯಾಯಾಲಯ 2018ರಲ್ಲಿ ಆದೇಶಿಸಿತು. (ಔಷಧ ತಯಾರಿಸುವವರಿಗೇ ರೋಗದ ತಿಳಿವಳಿಕೆ ಹೀಗಿದ್ದರೆ ಬೆಲ್ಲ ಮಾರುವ ನಮ್ಮಂತಹವರನ್ನು ಏನೆನ್ನಬೇಕು!) ಗೆದ್ದವರೆಲ್ಲರೂ ಹೀಗೆ ದಾಖಲೆಯುಳ್ಳ ಕೆಲಸಗಳಲ್ಲಿದ್ದವರು ಅಥವಾ ಅಂಥವುಗಳಿಗೆ ಅರ್ಜಿ ಹಾಕಿದವರು. ಆಲೆಮನೆಯ ಕೊಪ್ಪರಿಗೆಯ ಬಳಿ ನಿಂತು ದುಡಿಯುವವನ ಹೆಸರಿನ ತೀರ್ಪೊಂದನ್ನು ನಾನು ಹುಡುಕಿದಷ್ಟು ಕಾಲವೂ ಕಾಣಲಿಲ್ಲ.

ಮುಂಬಯಿ ತೀರ್ಪಿನ ಒಂದು ಮಾತು ನನ್ನನ್ನು ಓದಿದಾಗಲೆಲ್ಲ ತಡೆದಿದೆ. ಸೋಂಕಿತರನ್ನು ಆರ್ಥಿಕ ಮರಣಕ್ಕೆ ಗುರಿಪಡಿಸಲು ಸರ್ಕಾರಕ್ಕೆ ಅವಕಾಶ ಕೊಡಲಾಗದು ಎಂದು ಹೇಳುವಲ್ಲಿ ಪೀಠವು ಅವರಲ್ಲಿ ಅನೇಕರು ನಿಜಕ್ಕೂ ದುರದೃಷ್ಟಶಾಲಿಗಳಾಗಿರಬಹುದು ಎಂಬ ಅರ್ಥದ ಮಾತನ್ನು ಸೇರಿಸಿದೆ. ಕರುಣೆಯಿಂದ ಬಂದ ಮಾತೇ. ಆದರೂ 'ಅನೇಕರು' ಎಂದಾಗ ಉಳಿದ ಕೆಲವರು ಯಾರು? ದುರದೃಷ್ಟದಿಂದಲ್ಲದೆ ತಮ್ಮ ನಡತೆಯಿಂದ ರೋಗ ತಂದುಕೊಂಡವರು ಎಂದು ಓದುಗ ತಾನೇ ಪೂರ್ತಿಮಾಡಿಕೊಳ್ಳುತ್ತಾನೆ. ಹೀಗೆ ರಕ್ಷಣೆ ಕೊಡುವ ವಾಕ್ಯದಲ್ಲಿಯೇ ನಿರಪರಾಧಿ ಮತ್ತು ಅಪರಾಧಿ ಎಂಬ ಎರಡು ಕಪಾಟುಗಳು ಸಿದ್ಧವಾದವು. ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ಈ ಎರಡು ಕಪಾಟುಗಳ ನಡುವೆಯೇ. ಗಂಡನಿಂದ ಸೋಂಕು ಪಡೆದ ಹೆಂಡತಿ, ತಾಯಿಯಿಂದ ಪಡೆದ ಮಗು, ರಕ್ತ ಏರಿಸಿಕೊಂಡು ಪಡೆದ ರೋಗಿ, ಇವರಿಗೆ ಒಂದು ದನಿ. ಲಾರಿ ಚಾಲಕನಿಗೆ ಇನ್ನೊಂದು ದನಿ. 2002ರಲ್ಲಿ ಗಡಿಯ ಕರ್ತವ್ಯದಲ್ಲಿದ್ದಾಗ ಸೈನ್ಯದ ಆಸ್ಪತ್ರೆಯಲ್ಲಿ ರಕ್ತ ಪಡೆದು ಸೋಂಕಿತರಾದ ವಾಯುಪಡೆಯ ಸಿಬ್ಬಂದಿಯೊಬ್ಬರಿಗೆ ಸರ್ವೋಚ್ಚ ನ್ಯಾಯಾಲಯ 2023ರ ಸೆಪ್ಟೆಂಬರ್‌ನಲ್ಲಿ ಸುಮಾರು 1 ಕೋಟಿ 54 ಲಕ್ಷ ರೂಪಾಯಿಗಳ ಪರಿಹಾರ ಕೊಡಿಸಿದಾಗ ಎಲ್ಲರೂ ಮೆಚ್ಚಿದರು, ಮೆಚ್ಚಬೇಕಾದುದೇ. ಆದರೆ ಸುಲಭವಾಗಿ ಹರಿಯುವ ಕಡೆ ಹರಿದ ಮೆಚ್ಚಿಕೆಯಿಂದ ನಮ್ಮ ನ್ಯಾಯಬುದ್ಧಿಯ ಆಳವನ್ನು ಅಳೆಯಲಾಗದು.

2017ರ ಕಾಯಿದೆ ಈ ದೋಷದಿಂದ ಪೂರ್ಣವಾಗಿ ಮುಕ್ತ. ರೋಗ ಹೇಗೆ ಬಂತೆಂದು ಅದು ಎಲ್ಲಿಯೂ ಕೇಳುವುದಿಲ್ಲ. ಕೆಲಸ ಮಾಡಬಲ್ಲೆಯಾ ಎಂಬುದೊಂದನ್ನೇ ಕೇಳುತ್ತದೆ. ಕಾಯಿದೆಯ ಭಾಷೆ ಶುಷ್ಕವೆಂದು ದೂರುವವರುಂಟು. ಈ ಶುಷ್ಕತೆಯನ್ನು ನಾನು ಗುಣವೆಂದೇ ಎಣಿಸುತ್ತೇನೆ. ನಮ್ಮಲ್ಲಿ ಕೆಲವರು ಇಲ್ಲಿ ಕರ್ಮಸಿದ್ಧಾಂತವನ್ನು ತರುವುದುಂಟು. ಅಸಾತಾವೇದನೀಯದ ಉದಯವಾಗಿದೆ, ಅನುಭವಿಸುತ್ತಿದ್ದಾನೆ, ನಾವೇನು ಮಾಡೋಣ ಎನ್ನುತ್ತಾರೆ. ಅವನ ದುಃಖಕ್ಕೆ ಅವನ ಕರ್ಮೋದಯ ಕಾರಣವೆಂದು ಒಪ್ಪಿದರೂ, ಆ ದುಃಖಕ್ಕೆ ನಿಮಿತ್ತನಾಗಿ ನಿಲ್ಲುವವನಿಗೆ ಸಿದ್ಧಾಂತ ಯಾವ ರಿಯಾಯಿತಿಯನ್ನೂ ಕೊಟ್ಟಿಲ್ಲ. ಅವನ ಹಳೆಯ ಖಾತೆ ತೀರುವಾಗ ಗದ್ದಿಗೆಯ ಮೇಲಿರುವವನ ಹೊಸ ಖಾತೆ ತೆರೆಯುತ್ತದೆ.

ಇನ್ನು ಗಿರಾಕಿಯ ಮಾತು. 'ನಮಗೇನೂ ತಿರಸ್ಕಾರವಿಲ್ಲ, ಗಿರಾಕಿಗೆ ತಿಳಿದರೆ ಅಂಗಡಿಗೆ ಬರುವುದಿಲ್ಲ' ಎಂಬುದು ವ್ಯಾಪಾರಿಯ ಕೊನೆಯ ವಾದ. ಈ ವಾದಕ್ಕೆ ನಾನು ಕಂಡಂತೆ ಅತ್ಯುತ್ತಮ ಉತ್ತರ ಬಂದದ್ದು ದಕ್ಷಿಣ ಆಫ್ರಿಕೆಯಿಂದ. ಅಲ್ಲಿನ ರಾಷ್ಟ್ರೀಯ ವಿಮಾನಸಂಸ್ಥೆ ಹಾಫ್‌ಮನ್ ಎಂಬ ಅಭ್ಯರ್ಥಿಗೆ ಎಚ್.ಐ.ವಿ. ಕಾರಣದಿಂದ ವಿಮಾನದೊಳಗಿನ ಸೇವಕನ ಕೆಲಸ ನಿರಾಕರಿಸಿತ್ತು. ಪ್ರಯಾಣಿಕರ ಅಭಿಪ್ರಾಯ, ಪ್ರತಿಸ್ಪರ್ಧಿ ಕಂಪೆನಿಗಳ ಪದ್ಧತಿ, ವ್ಯಾಪಾರದ ಹಿತ ಇವುಗಳನ್ನು ಮುಂದೊಡ್ಡಿತ್ತು. 2000ದ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅವನಿಗೆ ಕೆಲಸ ಕೊಡಬೇಕೆಂದು ಆದೇಶಿಸಿತು. ಜನರ ಪೂರ್ವಗ್ರಹವೇ ಅನ್ಯಾಯವಾಗಿರುವಾಗ ಆ ಪೂರ್ವಗ್ರಹವನ್ನೇ ತೋರಿಸಿ ಅನ್ಯಾಯವನ್ನು ಸಮರ್ಥಿಸಲಾಗದು, ವ್ಯಾಪಾರದ ಹಿತವೆಂಬುದು ಪೂರ್ವಗ್ರಹಕ್ಕೆ ಹೊದಿಸುವ ಬಟ್ಟೆಯಾಗಬಾರದು ಎಂಬುದು ಅದರ ತಾತ್ಪರ್ಯ. ನಮ್ಮ ಹಿರಿಯರು ರಾತ್ರಿಯ ವ್ಯಾಪಾರವನ್ನೂ, ಹೆಚ್ಚು ಹಿಂಸೆಯ ಸರಕುಗಳನ್ನೂ ಗಿರಾಕಿ ಬೇಡಿದನೆಂದು ಇಟ್ಟುಕೊಳ್ಳಲಿಲ್ಲ. ಮದ್ಯದಂಗಡಿ ಇಟ್ಟರೆ ಲಾಭವೆಂದು ತಿಳಿದೂ ಇಡಲಿಲ್ಲ. ಆಗ ಗಿರಾಕಿಯ ಇಷ್ಟವನ್ನು ಮೀರಿ ನಿಂತವರ ಮಕ್ಕಳು ಈಗ ಒಬ್ಬ ಆಳಿನ ವಿಷಯದಲ್ಲಿ ಮಾತ್ರ ಗಿರಾಕಿಯ ದಾಸರಾಗುವುದು ವಿಚಿತ್ರ.

ಅಪಾಯದ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಇದು ಚರ್ಚೆಯ ವಿಷಯವಾಗಿ ಉಳಿದಿಲ್ಲ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕುಳ್ಳ ರಕ್ತ, ಹಂಚಿಕೊಂಡ ಸೂಜಿ, ತಾಯಿಯಿಂದ ಮಗು ಎಂಬ ಮಾರ್ಗಗಳಲ್ಲಿ ಈ ರೋಗಾಣು ಹರಡುತ್ತದೆ. ಬಡಿಸಿದ ಅನ್ನದಿಂದ, ತೊಳೆದ ತಟ್ಟೆಯಿಂದ, ಬೆವರಿನಿಂದ, ಸೊಳ್ಳೆಯಿಂದ, ಒಂದೇ ಶೌಚಾಲಯದಿಂದ ಹರಡುವುದಿಲ್ಲ. 2004ರ ಏಪ್ರಿಲ್ 1ರಿಂದ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ಆರಂಭವಾದ ಉಚಿತ ಎ.ಆರ್.ಟಿ. ಔಷಧ ವಿತರಣೆ ಈಗ ದೇಶದಾದ್ಯಂತ ಇದೆ. 2017ರಿಂದ ಸೋಂಕು ತಿಳಿದವರೆಲ್ಲರಿಗೂ ಔಷಧ ಆರಂಭಿಸುವ ನೀತಿ ಬಂದಿದೆ. ಕ್ರಮವಾಗಿ ಗುಳಿಗೆ ನುಂಗುವವನ ರಕ್ತದಲ್ಲಿ ರೋಗಾಣು ಅಳತೆಗೆ ಸಿಕ್ಕದಷ್ಟು ಕುಗ್ಗಿದ ಮೇಲೆ ಅವನಿಂದ ಬಾಳಸಂಗಾತಿಗೂ ಸೋಂಕು ದಾಟದೆಂಬುದನ್ನು 2016ರಲ್ಲಿ ಪ್ರಕಟವಾದ ಯೂರೋಪಿನ ದೊಡ್ಡ ಅಧ್ಯಯನ ತೋರಿಸಿತು. ಹೆಂಡತಿಗೆ ದಾಟದ್ದು ಅಕ್ಕಿಮೂಟೆಯ ಮೂಲಕ ಗಿರಾಕಿಗೆ ದಾಟೀತೆ? ಮಾಲೀಕನಿಂದ ಅವನಿಗೆ ಬೇಕಾಗುವ 'ಸಣ್ಣ ಹೊಂದಾಣಿಕೆ' ಎಂದರೆ ಬಹುತೇಕ ಇಷ್ಟೇ: ತಿಂಗಳಿಗೊಮ್ಮೆಯೋ ಕೆಲವು ತಿಂಗಳಿಗೊಮ್ಮೆಯೋ ಔಷಧ ಕೇಂದ್ರಕ್ಕೆ ಹೋಗಿಬರಲು ಒಂದು ದಿನದ ರಜೆ, ಮತ್ತು ಎಲ್ಲಿಗೆ ಹೋಗಿದ್ದೆ ಎಂದು ಎಲ್ಲರೆದುರು ಕೇಳದಿರುವ ಸಂಯಮ.

ಎರಡನೆಯದೇ ಹೆಚ್ಚು ಕಷ್ಟ. ಸಣ್ಣ ಪಟ್ಟಣದಲ್ಲಿ ಗುಟ್ಟು ಎಂಬುದು ದುಬಾರಿ ಸರಕು. ಮಂಡ್ಯದ ಆಸ್ಪತ್ರೆಯ ಸಾಲಿನಲ್ಲಿ ನಿಂತವನನ್ನು ನಾಗಮಂಗಲದ ಪರಿಚಿತನೊಬ್ಬ ನೋಡಿದರೆ ಸಂಜೆಯ ಬಸ್ಸಿನಲ್ಲಿಯೇ ಸುದ್ದಿ ಊರು ಸೇರುತ್ತದೆ. ವ್ಯಕ್ತಿಯ ಸಮ್ಮತಿಯಿಲ್ಲದೆ ಅವನ ಎಚ್.ಐ.ವಿ. ಸ್ಥಿತಿಯನ್ನು ಬಯಲುಮಾಡಬಾರದೆಂದು, ಅಂತಹ ದಾಖಲೆಯನ್ನಿಟ್ಟುಕೊಂಡ ಸಂಸ್ಥೆ ಅದನ್ನು ಕಾಪಾಡಬೇಕೆಂದು ಕಾಯಿದೆ ಹೇಳುತ್ತದೆ. ಇದನ್ನು ಕಲಿಯಲು ವ್ಯಾಪಾರಿಗೆ ಹೊಸ ಪಾಠ ಬೇಕಾಗಿಲ್ಲ. ಉದ್ದರಿ ಪುಸ್ತಕದಲ್ಲಿ ಒಬ್ಬನ ಪುಟವನ್ನು ಇನ್ನೊಬ್ಬನಿಗೆ ತೋರಿಸಿದ ವ್ಯಾಪಾರಿಯನ್ನು ಊರು ನಂಬುವುದಿಲ್ಲ. ಮದುವೆಯ ಮಾತುಕತೆಯಲ್ಲಿ 'ಆ ಮನೆಯವರ ಲೇವಾದೇವಿ ಹೇಗೆ' ಎಂದು ಕೇಳಿದವರಿಗೆ ಪುಸ್ತಕ ತೆರೆಯದೆ ಮರ್ಯಾದೆಯಿಂದ ಉತ್ತರ ಕೊಡುವುದು ನಮಗೆ ಗೊತ್ತು. ಹಣದ ಗುಟ್ಟನ್ನು ಇಷ್ಟು ಕಾಯ್ದವರು ರಕ್ತದ ಗುಟ್ಟನ್ನು ಕಾಯಲಾರೆವೆಂದರೆ ನಂಬುವಂತಿಲ್ಲ.

ಈಗ ಶಿಕ್ಷೆಯ ಭಾಗ. ಸೋಂಕಿತರ ವಿರುದ್ಧ ದ್ವೇಷ ಹರಡುವವನಿಗೆ ಮೂರು ತಿಂಗಳಿನಿಂದ ಎರಡು ವರ್ಷದವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಿರುವ ಕಾಯಿದೆ, ಕೆಲಸದಿಂದ ತೆಗೆದವನಿಗೆ ನೇರವಾದ ಶಿಕ್ಷೆಯನ್ನು ಹೇಳಿಲ್ಲ. ಅವನ ಮೇಲಿನ ದೂರು ರಾಜ್ಯ ಸರ್ಕಾರ ನೇಮಿಸಬೇಕಾದ ಓಂಬುಡ್ಸ್‌ಮನ್ ಬಳಿಗೆ ಹೋಗಬೇಕು. ಅವರು ಮೂವತ್ತು ದಿನಗಳೊಳಗೆ ಆದೇಶ ಕೊಡಬೇಕು. ಆ ಆದೇಶವನ್ನು ಮೀರಿದರೆ ಹತ್ತು ಸಾವಿರ ರೂಪಾಯಿವರೆಗೆ ದಂಡ, ಮೀರುತ್ತಲೇ ಇದ್ದರೆ ದಿನಕ್ಕೆ ಐದು ಸಾವಿರದವರೆಗೆ. ಅಂದರೆ ಬಾಯಿಂದ ಆಡಿದ ಮಾತಿಗೆ ಸೆರೆಮನೆ, ಕೈಯಿಂದ ಕಿತ್ತುಕೊಂಡ ಅನ್ನಕ್ಕೆ ಮೊದಲು ಒಂದು ಆದೇಶ. ಸೆರೆಮನೆ ತುಂಬಬೇಕೆಂಬ ಆಸೆ ನನಗಿಲ್ಲ. ಆದರೆ ಎರಡು ತಪ್ಪುಗಳ ತೂಕದಲ್ಲಿ ತಕ್ಕಡಿ ಹೀಗೆ ವಾಲಿದ್ದೇಕೆಂಬುದಕ್ಕೆ ಕಾಯಿದೆಯ ಒಳಗೆ ಉತ್ತರ ಸಿಗುವುದಿಲ್ಲ. ಸಂಸ್ಥೆಯೊಳಗೇ ದೂರು ಕೇಳುವ ಅಧಿಕಾರಿಯನ್ನು ನೇಮಿಸಬೇಕೆಂಬ ನಿಯಮವಾದರೋ ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ, ಆಸ್ಪತ್ರೆಗಳಾದರೆ ಇಪ್ಪತ್ತು ಜನರಿರುವವುಗಳಿಗೆ ಅನ್ವಯಿಸುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಸಕ್ಕರೆ ಕಾರ್ಖಾನೆ, ದೊಡ್ಡ ವಿದ್ಯಾಸಂಸ್ಥೆ ಮುಂತಾದವು ಇದರೊಳಗೆ ಬಂದಾವು. ಎಂಟು ಜನರ ಆಲೆಮನೆ, ಹನ್ನೆರಡು ಜನರ ಮಂಡಿ, ಐದು ಜನರ ಜವಳಿ ಅಂಗಡಿ ಬರುವುದಿಲ್ಲ. ನಿಷೇಧ ಇವರಿಗೂ ಉಂಟು, ಆದರೆ ಅದನ್ನು ಕೇಳುವವರು ಊರಿನಲ್ಲಿಲ್ಲ.

ಹಾಗಾದರೆ ಕಾಯಿದೆ ತಲುಪದ ಸ್ಥಳದಲ್ಲಿ ನಮ್ಮವರಿಗೆ ಏನಿದೆ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕೊನೆಯದಾಗಿ 'ಅನ್ನಪಾನನಿರೋಧ' ಬರುತ್ತದೆ. ತನ್ನನ್ನು ಆಶ್ರಯಿಸಿದ ಜೀವಕ್ಕೆ ಆಹಾರ ನೀರುಗಳನ್ನು ತಡೆಹಿಡಿಯುವುದು ವ್ರತಕ್ಕೆ ಕಳಂಕ. ಪಾಠಶಾಲೆಗಳಲ್ಲಿ ಇದನ್ನು ಎತ್ತು ಕುದುರೆಗಳ ಉದಾಹರಣೆಯಿಂದ ಬೋಧಿಸಿ ಮುಂದೆ ಸಾಗುವುದು ರೂಢಿ. ಎತ್ತಿನ ಗಾಡಿಗಳ ಕಾಲ ಮುಗಿದ ಮೇಲೆ ಈ ಅತಿಚಾರವೂ ಮುಗಿಯಿತೆಂಬಂತೆ ನಾವು ನಡೆದುಕೊಳ್ಳುತ್ತಿದ್ದೇವೆ. ಹೊಡೆಯದೆ, ಕಟ್ಟದೆ, ಗಾಯಗೊಳಿಸದೆ, ಬರಿಯ ಅನ್ನವನ್ನು ನಿಲ್ಲಿಸಿ ಮಾಡುವ ಹಿಂಸೆಯೊಂದಿದ್ದು ಅದು ಹಿಂಸೆಯಂತೆ ಕಾಣುವುದಿಲ್ಲವೆಂಬುದನ್ನು ಆಚಾರ್ಯರು ಗುರುತಿಸಿದ್ದಾರೆ. ನಮ್ಮ ಮಂಡಿಯ ಕಾಗದವಿಲ್ಲದ ವಜಾ ಅಕ್ಷರಶಃ ಇದೇ. ಅದಕ್ಕೆ ಲಿಖಿತ ಪುರಾವೆ ಬೇಕಾಗಿಲ್ಲ. ಆಲೋಚನೆ ಮಾಡುವಾಗ ಸಾಕ್ಷಿ ತಾನೇ.

ಜುಗುಪ್ಸೆಯ ವಿಷಯದಲ್ಲಿ ನಮ್ಮ ಕಥಾಸಾಹಿತ್ಯವನ್ನು ನಾವು ಓದಿರುವ ಬಗೆಯನ್ನೂ ಪ್ರಶ್ನಿಸಬೇಕಾಗಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರ್ವಿಚಿಕಿತ್ಸೆಗೆ ಉದ್ದಾಯನ ಮಹಾರಾಜನನ್ನು ಉದಾಹರಿಸಿದ್ದಾರೆ. ಮುಳುಗುಂದದ ನಯಸೇನ 1112ರಲ್ಲಿ ರಚಿಸಿದ ಧರ್ಮಾಮೃತದಲ್ಲಿ ಆ ಕಥೆ ಕನ್ನಡಕ್ಕೆ ಬಂದಿದೆ. ರೋಗಿಷ್ಠ ಮುನಿಯ ವೇಷದಲ್ಲಿ ಬಂದ ದೇವನು ಉಂಡು ವಾಂತಿಮಾಡಿದಾಗ ಅರಸನೂ ರಾಣಿ ಪ್ರಭಾವತಿಯೂ ಹೇಸದೆ ಉಪಚರಿಸಿದರು. ಪರ್ಯೂಷಣದಲ್ಲಿ ದಶಲಕ್ಷಣ ಪ್ರವಚನಗಳಲ್ಲಿ ಈ ಕಥೆಯನ್ನು ಕೇಳಿ ನಾವು ತಲೆದೂಗುತ್ತೇವೆ. ಆದರೆ ಕೊನೆಗೆ ದೇವನು ನಿಜರೂಪ ತೋರಿದನೆಂಬುದರಲ್ಲಿ ಕಥೆಯ ಸಾರವನ್ನಿಟ್ಟು, ಬಂದವನು ದೇವನೆಂಬ ಕಾರಣಕ್ಕೇ ಸೇವೆ ಸಾರ್ಥಕವಾಯಿತೆಂಬಂತೆ ಓದುತ್ತೇವೆ. ಸೇವೆ ಮಾಡುವ ಹೊತ್ತಿನಲ್ಲಿ ಅರಸನ ಕಣ್ಣಿಗಿದ್ದದ್ದು ಒಂದು ರೋಗಗ್ರಸ್ತ ಶರೀರ ಮಾತ್ರ. ಈ ಅಂಗವು ರತ್ನತ್ರಯದಿಂದ ಪವಿತ್ರವಾದ ಮುನಿಶರೀರಕ್ಕೆ ಸಂಬಂಧಿಸಿದ್ದು, ಹಮಾಲಿಗಲ್ಲ ಎಂದು ಶಾಸ್ತ್ರಜ್ಞರು ಆಕ್ಷೇಪಿಸಬಹುದು. ಲಕ್ಷಣವಾಕ್ಯ ಹಾಗೆಯೇ ಇದೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ವಾಕ್ಯ ಶರೀರವು ಸ್ವಭಾವತಃ ಅಶುಚಿಯೆಂದೂ ಹೇಳುತ್ತದೆ. ಎಲ್ಲರ ಶರೀರವೂ ಅಶುಚಿಯಾದ ಮೇಲೆ ಒಬ್ಬನ ಲೋಟವನ್ನು ಮಾತ್ರ ಬೇರೆಯಿಡುವ ತರ್ಕ ಎಲ್ಲಿ ನಿಲ್ಲುತ್ತದೆ?

ಬಸದಿ ಮತ್ತು ಛತ್ರಗಳ ವ್ಯವಸ್ಥಾಪಕರಿಗೆ ಸಂಬಂಧಿಸಿದ ಒಂದು ವಿಷಯ ಉಳಿದಿದೆ. ಕಾಯಿದೆಯಲ್ಲಿ 'ಸಂಸ್ಥೆ' ಎಂಬ ಪದದ ವ್ಯಾಖ್ಯೆ ಬಹಳ ವಿಶಾಲವಾಗಿದೆ. ಇಬ್ಬರು ಅಥವಾ ಹೆಚ್ಚು ಜನ ಸೇರಿ ಹನ್ನೆರಡು ತಿಂಗಳು ಅಥವಾ ಹೆಚ್ಚು ಕಾಲ ವ್ಯವಸ್ಥಿತವಾಗಿ, ಪ್ರತಿಫಲಕ್ಕಾಗಿಯೋ ಪ್ರತಿಫಲವಿಲ್ಲದೆಯೋ, ವಸ್ತು ಅಥವಾ ಸೇವೆ ಒದಗಿಸುವ ಚಟುವಟಿಕೆಯನ್ನು ನಡೆಸಿದರೆ ಅದು ಸಂಸ್ಥೆ. ಲಾಭವಿಲ್ಲದ ಧರ್ಮಕಾರ್ಯವೆಂಬ ನೆಪದಿಂದ ಟ್ರಸ್ಟು ಹೊರಗುಳಿಯುವಂತಿಲ್ಲ. ಮುಂದಿನ ಅಂಶ ಇನ್ನೂ ಗಮನಾರ್ಹ. ಇಪ್ಪತ್ತನೆಯ ಪ್ರಕರಣದಲ್ಲಿ ನೂರು ಜನರನ್ನು ಎಣಿಸುವಾಗ ನೌಕರರನ್ನು ಮಾತ್ರ ಎಣಿಸಬೇಕೆಂದಿಲ್ಲ. ಸದಸ್ಯ, ನಿರ್ದೇಶಕ, ಟ್ರಸ್ಟಿ, ವ್ಯವಸ್ಥಾಪಕ ಎಂಬ ಪದಗಳೂ ಅಲ್ಲಿವೆ. ಎಂದ ಮೇಲೆ ಹನ್ನೆರಡು ಹಮಾಲಿಗಳ ಮಂಡಿ ತಪ್ಪಿಸಿಕೊಂಡರೂ, ನಾಲ್ವರು ನೌಕರರು ಮತ್ತು ಇನ್ನೂರು ಸದಸ್ಯರುಳ್ಳ ಒಂದು ಸಮಾಜ, ನನ್ನ ಓದಿನ ಪ್ರಕಾರ, ದೂರು ಅಧಿಕಾರಿಯನ್ನು ನೇಮಿಸಬೇಕಾದ ಸಂಸ್ಥೆಗಳ ಸಾಲಿಗೆ ಸೇರುತ್ತದೆ. ಅಡುಗೆಯವರನ್ನೂ ಪರಿಚಾರಕರನ್ನೂ ಸೇರಿಸಿಕೊಳ್ಳುವಾಗ ರಕ್ತಪರೀಕ್ಷೆಯ ವರದಿ ತರಹೇಳುವ ರೂಢಿ ಎಲ್ಲಿಯಾದರೂ ಇದ್ದರೆ, ಅದರಲ್ಲಿ ಎಚ್.ಐ.ವಿ. ಸೇರಿದ್ದರೆ, ಆ ಷರತ್ತು 2018ರ ಸೆಪ್ಟೆಂಬರ್‌ನಿಂದಲೇ ಕಾನೂನುಬಾಹಿರವಾಗಿದೆ. ಟ್ರಸ್ಟುಗಳು ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿ ತಯಾರಿಸುವ ಮೊದಲು ತಮ್ಮ ಅರ್ಜಿ ನಮೂನೆಯನ್ನೊಮ್ಮೆ ತೆರೆದು ನೋಡಿ, ಸದಸ್ಯತ್ವದ ಪುಸ್ತಕದಲ್ಲಿ ಹೆಸರುಗಳು ನೂರನ್ನು ದಾಟಿವೆಯೇ ಎಂದು ಎಣಿಸಿ, ದಾಟಿದ್ದರೆ ದೂರು ಸ್ವೀಕರಿಸುವವರು ಯಾರೆಂಬುದನ್ನು ಠರಾವಿನ ಪುಸ್ತಕದಲ್ಲಿ ಬರೆಯಬೇಕು. ಆ ಹೆಸರನ್ನು ಅಡುಗೆಮನೆಯ ಗೋಡೆಯ ಮೇಲೆ, ಕೆಲಸದವರ ಕಣ್ಣಿಗೆ ಬೀಳುವ ಎತ್ತರದಲ್ಲಿ, ಕನ್ನಡದಲ್ಲಿ ಹಾಕಿದರೆ ಸಾಕು. ಕಛೇರಿಯ ಒಳಗಿನ ಸೂಚನಾಫಲಕವನ್ನು ಆಳುಗಳು ಓದುವುದಿಲ್ಲ.